ಪಿಳ್ಳಮ್ಮನ ಕೊನೆಯ ಹಾಡು

ಸಮೇತನಹಳ್ಳಿಯ ಪಿಳ್ಳಮ್ಮ ಹಾಡಿದ ಸೋಬಾನೆ ಪದಗಳನ್ನು 'ಅಪ್ಪಯ್ಯಣ್ಣ ಆಡಿಯೋ' ಕಂಪನಿ ವಾರಕ್ಕೊಂದರಂತೆ ಯೂಟ್ಯೂಬಿಗೆ ಬಿಡುತ್ತಿತ್ತು. ಆ ಮಾಲೆಯಲ್ಲಿ ಉಳಿದಿದ್ದ ಒಂದೇ ಹಾಡನ್ನು ಬೆಳಿಗ್ಗೆ ಏರಿಸುವಾಗ ಮಂಜೇಶ ಅದರ ಮೇಲೆ 'ಪಿಳ್ಳಮ್ಮನವರ ಕೊನೆಯ ಹಾಡು' ಎಂದು ಬರೆದ. ಜೊತೆಗೆ ಯಾವುದೋ ಸನ್ಮಾನದಲ್ಲಿ ಅವಳು ಹಾರ ಹಾಕಿಸಿಕೊಂಡಿದ್ದ ಫೋಟೊ. ಮಂಜೇಶನ ಹೆಂಡತಿ ವಾಣಿಶ್ರೀ ಆ ಫೋಟೊವನ್ನು ಮೊಬೈಲಿನಲ್ಲೇ ತಿದ್ದಿ, ಸುಕ್ಕು ತೆಗೆದು, ಬಣ್ಣ ಬೆಳ್ಳಗೆ ಮಾಡಿದ್ದಳು. ಪಿಳ್ಳಮ್ಮ ಸೋಪಿನ ಜಾಹೀರಾತಿನವಳಂತೆ ಹೊಳೆಯುತ್ತಿದ್ದಳು.

ಕಂಪನಿ ಎಂದರೆ ಹೊಸಕೋಟೆಯ ಒಂದು ಮನೆ. ಕ್ಯಾಸೆಟ್ಟಿನ ಕಾಲದಲ್ಲಿ ಶುರುಮಾಡಿದ ಅಪ್ಪ ಅಪ್ಪಯ್ಯಣ್ಣ ಮಾಲೀಕ, ಮಗ ಮಂಜೇಶ ರೆಕಾರ್ಡಿಂಗು, ಸೊಸೆ ವಾಣಿಶ್ರೀ ಉಳಿದದ್ದೆಲ್ಲ. ರಾಗಿ ಮೂಟೆ ಇಡುತ್ತಿದ್ದ ಕೋಣೆಯ ಗೋಡೆಗೆ ಹಳೇ ಹಾಸಿಗೆಗಳನ್ನು ಮೊಳೆ ಹೊಡೆದು ನಿಲ್ಲಿಸಿ ಅದನ್ನು ಸ್ಟುಡಿಯೋ ಎನ್ನುತ್ತಿದ್ದರು. ಅಲ್ಲಿಂದ ಹೊರಟ ಹಾಡುಗಳನ್ನು ಕೇಳುತ್ತಿದ್ದವರು ಮನೆಯವರು, ಅವರ ನೆಂಟರು, ಒತ್ತಾಯಕ್ಕೆ ಸಿಕ್ಕಿಬಿದ್ದ ನೆಂಟರ ನೆಂಟರು.

ಮಂಜೇಶ ತಿಂಡಿ ಮುಗಿಸುವಷ್ಟರಲ್ಲಿ ಹಾಡಿನ ಕೆಳಗೆ ಯಾರೋ 'ಓಂ ಶಾಂತಿ' ಎಂದು ಬರೆದಿದ್ದರು. ಅದನ್ನು ನೋಡಿ ಇನ್ನೊಬ್ಬರು, ಅವರನ್ನು ನೋಡಿ ಮತ್ತೊಬ್ಬರು. 'ನಿಮ್ಮ ದನಿ ಕೇಳಿಯೇ ಬೆಳೆದವರು ನಾವು' ಎಂದು, ಆ ದನಿಯನ್ನು ಅಂದೇ ಮೊದಲು ಕೇಳಿದವನೊಬ್ಬ ಗೋಳಾಡಿದ್ದ. ಒಂದು ಲೈಕ್ ಒತ್ತಲು ಬೆರಳು ಸೆಟೆದುಕೊಂಡಿದ್ದ ಜನ ಈಗ ಕಣ್ಣೀರಿನಲ್ಲಿ ಕೈ ತೊಳೆಯುತ್ತಿದ್ದರು.

"ಅಪ್ಪಾ, ಜನ ಪಿಳ್ಳಮ್ಮ ಸತ್ತೋದ್ಲು ಅಂದ್ಕೊಂಡವ್ರೆ. ತಿದ್ದಿ ಹಾಕ್ಬಿಡ್ತೀನಿ," ಎಂದ ಮಂಜೇಶ.

ಅಪ್ಪಯ್ಯಣ್ಣ ಕನ್ನಡಕ ಏರಿಸಿ ಫೋನು ನೋಡಿದ. ಅಷ್ಟು ಜನ ಅವನ ಕಂಪನಿಯ ಹಾಡು ಕೇಳಿದ್ದು ಅದೇ ಮೊದಲು.

"ಸತ್ತೋದ್ಲು ಅಂತ ನೀನೇನಾದ್ರೂ ಬರ್ದಿದ್ದೀಯೇನ್ಲಾ?"

"ಇಲ್ಲ."

"ಮತ್ತೆ ನಿಂದೇನು ತಪ್ಪು? ಸುಮ್ಕಿರು."

"ಸಂಜೆಗೆ ಬದುಕ್ಸಿದ್ರಾಯ್ತು ಬಿಡಿ," ಎಂದಳು ವಾಣಿಶ್ರೀ, ಒಗ್ಗರಣೆ ಹಾಕುತ್ತಲೇ.

ಸಂಜೆಯವರೆಗೆ ಕಾಯಲು ಚಿಕ್ಕಬೀರಪ್ಪ ಬಿಡಲಿಲ್ಲ. ಎಲ್ಲ ಚುನಾವಣೆಯಲ್ಲೂ ಸೋತು, ಎಲ್ಲ ಸಾವಿನ ಮನೆಯಲ್ಲೂ ಗೆಲ್ಲುವ ಮುಖಂಡ ಅವನು. ಹತ್ತು ಗಂಟೆಗೆಲ್ಲ ಫ್ಲೆಕ್ಸ್ ಹೊರಿಸಿಕೊಂಡು ಬಂದ. ಅದರಲ್ಲಿ ಕೈಮುಗಿದ ಚಿಕ್ಕಬೀರಪ್ಪ ಆಳೆತ್ತರ ಇದ್ದ, ಪಿಳ್ಳಮ್ಮ ಅಂಚೆಚೀಟಿಯಷ್ಟು.

"ಏನಪ್ಪಾ ಮಂಜೇಶ, ಇಂಥ ದೊಡ್ಡ ಕಲಾವಿದೆ ಹೋಗವ್ರೆ, ನಂಗೊಂದು ಫೋನ್ ಮಾಡಕ್ಕಾಗ್ಲಿಲ್ವಾ? ಅವ್ರ ಕೈಯಿಂದ ಮುದ್ದೆ ಉಂಡವ್ನು ನಾನು."

"ಅಣ್ಣಾ, ಅದು ಏನಂದ್ರೆ..."

"ಮಾತಾಡ್ಬೇಡ. ನಿನ್ನ ದುಃಖ ನಂಗೆ ಗೊತ್ತು. ಸಾಯಂಕಾಲ ನಿಮ್ಮನೆ ಮುಂದೇನೇ ಶ್ರದ್ಧಾಂಜಲಿ. ಶಾಮಿಯಾನ ಬರ್ತಾ ಐತೆ. ಬಾಡಿ ಎಲ್ಲೈತೆ?"

"ಅವ್ರ ಊರಲ್ಲೇ ಐತೆ," ಎಂದುಬಿಟ್ಟ ಮಂಜೇಶ. ಅದೇನೂ ಸುಳ್ಳಾಗಿರಲಿಲ್ಲ. ಪಿಳ್ಳಮ್ಮನ ದೇಹ ಆ ಹೊತ್ತಿನಲ್ಲಿ ಸಮೇತನಹಳ್ಳಿಯ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿತ್ತು.

ಸಾಯಂಕಾಲ ಬೀದಿ ತುಂಬಿತು. ರೆಕಾರ್ಡಿಂಗ್ ಇದ್ದಾಗಲೆಲ್ಲ 'ಆ ಮುದುಕಿ ಅರಚೋದು ನಿಲ್ಸಿ' ಎಂದು ಗೋಡೆ ಗುದ್ದುತ್ತಿದ್ದ ಪಕ್ಕದ ಮನೆ ಕದಿರಮ್ಮ ಎಲ್ಲರಿಗಿಂತ ಜೋರಾಗಿ ಮೂಗು ಸೀಟಿದಳು. ಪಿಲ್ಲಗುಂಪೆಯಲ್ಲಿ ರಟ್ಟಿನ ಡಬ್ಬದ ಕಾರ್ಖಾನೆ ಇಟ್ಟುಕೊಂಡು, ಈಚೆಗೆ ದೊಡ್ಡ ಆಡಿಯೋ ಕಂಪನಿಯನ್ನೂ ತೆರೆದಿದ್ದ ಸುನಿಲ್‌ಕುಮಾರ್ ಕಾರಿನಲ್ಲಿ ಬಂದು ಮುಂದಿನ ಕುರ್ಚಿ ಹಿಡಿದ.

ಆಗ ಬೀದಿಯ ತುದಿಯಲ್ಲಿ ಆಟೋ ನಿಂತಿತು. ಇಳಿದವಳು ಪಿಳ್ಳಮ್ಮ. ಮಂಜೇಶ ಓಡಿಹೋಗಿ ಅವಳನ್ನು ಕಾಂಪೌಂಡಿನ ಮರೆಗೆ ಎಳೆದ.

"ಯಾರೋ ಹಾರ ತಂದು ಪಿಳ್ಳಮ್ಮನ ಮನೆ ಯಾವ್ದು ಅಂದ ಕಣಪ್ಪ. ನಾನೇ ಪಿಳ್ಳಮ್ಮ ಅಂದೆ. ಹಾರ ಬಿಸಾಕಿ ಓಡೋದ. ಏನು ನಡೀತಾ ಐತೆ ಇಲ್ಲಿ?"

ಮಂಜೇಶ ಹೇಳಿದ. ಹೇಳುತ್ತ ಅವಳ ಕಾಲು ಹಿಡಿಯುವುದೊಂದು ಬಾಕಿ. "ಇವತ್ತೊಂದು ದಿನ ಮಾನ ಉಳ್ಸಮ್ಮ. ನಾಳೆ ನಾನೇ ಎಲ್ಲಾ ಸರಿಮಾಡ್ತೀನಿ."

ಅಷ್ಟರಲ್ಲಿ ಚಿಕ್ಕಬೀರಪ್ಪ ಹತ್ತಿರ ಬಂದ. "ಯಾರಪ್ಪಾ ಈಯಮ್ಮ?"

"ಇವ್ರು... ಪಿಳ್ಳಮ್ಮನ ತಂಗಿ. ಅಮ್ಮಯಮ್ಮ ಅಂತ."

ಪಿಳ್ಳಮ್ಮನ ಕೈಯಿಂದ ಮುದ್ದೆ ಉಂಡವನು ಅವಳ ಮುಖ ನೋಡಿ, ಫ್ಲೆಕ್ಸಿನಲ್ಲಿ ಹೊಳೆಯುವ ಮುಖ ನೋಡಿ, "ಅವ್ರ ಕಳೆ ಇವ್ರಿಗೆ ಬರ್ಲಿಲ್ಲ ಬಿಡು," ಎಂದ. ಪಿಳ್ಳಮ್ಮ ಅವನನ್ನು ತಲೆಯಿಂದ ಕಾಲಿನವರೆಗೆ ಅಳೆದಳು. ಹೋಗಿ ತನ್ನ ಫೋಟೊದ ಮುಂದೆ ಕುಳಿತಳು.

ಭಾಷಣಗಳಾದವು. ಯಾರ ಭಾಷಣದಲ್ಲೂ ಪಿಳ್ಳಮ್ಮನ ಒಂದು ಹಾಡಿನ ಹೆಸರೂ ಬರಲಿಲ್ಲ. ಕೊನೆಗೆ ಚಿಕ್ಕಬೀರಪ್ಪ, "ಅಕ್ಕನ ನೆನಪಿಗೆ ತಂಗಿ ಅಮ್ಮಯಮ್ಮ ಒಂದು ಪದ ಹೇಳ್ಲಿ," ಎಂದು ಮೈಕು ಕೊಟ್ಟ.

ಪಿಳ್ಳಮ್ಮ ಹಾಡಿದಳು. ತನ್ನನ್ನು ಸಾಯಿಸಿದ್ದರ ಸಿಟ್ಟು, ಆಟೋದ ಧೂಳು, ಎದುರಿಗೆ ಕುಳಿತವರ ಮೇಲಿನ ತಾತ್ಸಾರ ಎಲ್ಲ ಸೇರಿ ಅವಳ ದನಿ ಎಂದೂ ಇಲ್ಲದಷ್ಟು ಏರಿತ್ತು. ಸ್ಟುಡಿಯೋದಲ್ಲಿ ಹೀಗೆ ಯಾಕೆ ಹಾಡಲಿಲ್ಲ ಇವಳು ಎಂದು ಮಂಜೇಶನಿಗೆ ಹೊಟ್ಟೆ ಉರಿಯಿತು.

"ಪರವಾಗಿಲ್ಲ," ಎಂದ ಚಿಕ್ಕಬೀರಪ್ಪ. "ಆದ್ರೂ ಪಿಳ್ಳಮ್ಮ ಪಿಳ್ಳಮ್ಮನೇ." ಕದಿರಮ್ಮ ತಲೆ ಆಡಿಸಿದಳು.

ಸುನಿಲ್‌ಕುಮಾರನಿಗೆ ಮಾತ್ರ ಕಿವಿ ಇತ್ತು. ಸಭೆ ಮುಗಿಯುವ ಮೊದಲೇ ಅವಳ ಪಕ್ಕ ಕುಳಿತು ಏನೋ ಪಿಸುಗುಟ್ಟಿದ. ಪಿಳ್ಳಮ್ಮ ಎದ್ದು ಸೆರಗು ಕೊಡವಿ ಅವನ ಕಾರಿನ ಕಡೆ ನಡೆದಳು. ಮಂಜೇಶ ಅಡ್ಡ ಓಡಿದ.

"ಸುನಿಲಣ್ಣಾ, ಅವ್ರು ಬೇರೆ ಯಾರಿಗೂ ಹಾಡಂಗಿಲ್ಲ. ನಮ್ಮ ಕಂಪನಿಗೆ ಬರ್ಕೊಟ್ಟವ್ರೆ."

"ಬರ್ಕೊಟ್ಟಿದ್ದು ಪಿಳ್ಳಮ್ಮ ಅಲ್ವಾ ಗುರು? ಪಾಪ, ಅವ್ರು ನಿಮ್ಮವ್ರೇ. ಇವ್ರು ಅಮ್ಮಯಮ್ಮ. ನೀನೇ ಅಲ್ವಾ ಹೇಳಿದ್ದು?"

ಮಂಜೇಶ ಪಿಳ್ಳಮ್ಮನ ಮುಖ ನೋಡಿದ. "ಅಮ್ಮಾ, ನೀವಾದ್ರೂ ಹೇಳಿ."

"ಏನು ಹೇಳ್ಲಪ್ಪ," ಎಂದಳು ಅವಳು ಕಾರಿನೊಳಗೆ ಕೂರುತ್ತ. "ನಮ್ಮಕ್ಕ ನಿಮ್ಮ ಹಾಸಿಗೆ ರೂಮಲ್ಲಿ ಹಾಡಿ ಹಾಡಿನೇ ಸತ್ತೋದ್ಲು. ನಾನಾದ್ರೂ ಬದುಕ್ಕೋತೀನಿ."

ಕಾರು ಪಿಲ್ಲಗುಂಪೆಯ ಕಡೆ ಹೋಯಿತು. ಮಂಜೇಶ ಶಾಮಿಯಾನದ ಗೂಟಕ್ಕೆ ಒರಗಿ ನಿಂತು, ಫೋನು ತೆಗೆದು, ಬೆಳಿಗ್ಗೆಯೇ ಬರೆಯಬೇಕಾಗಿದ್ದನ್ನು ಬರೆದ: 'ಪಿಳ್ಳಮ್ಮ ಸತ್ತಿಲ್ಲ. ಬದುಕಿದ್ದಾರೆ.'

ಉತ್ತರ ಬರಲು ತಡವಾಗಲಿಲ್ಲ.

'ನಿಜ ಸಾರ್. ಕಲಾವಿದರಿಗೆ ಸಾವೆಲ್ಲಿ? ಓಂ ಶಾಂತಿ.'