ಕುತುಬ್‌ಖಾನೆಯ ಖಬರು

ನಮ್ಮ ಕಾಕಾ ಹದಿನೈದು ದಿನಕ್ಕೊಮ್ಮೆ ತಪ್ಪದೆ ಹೈದರಾಬಾದಿಗೆ ಹೋಗಿಬರುತ್ತಿದ್ದರು, ಆದರೆ ಒಮ್ಮೆಯೂ ಚಾರ್‌ಮಿನಾರ್ ನೋಡಲಿಲ್ಲ ಎಂದರೆ ನೀವು ನಂಬುತ್ತೀರಾ? ನಂಬಲೇಬೇಕು. ಹಾದಿಯಲ್ಲಿ ಸಿಗಲಿಲ್ಲ ಎಂದು ಅವರೇ ಹೇಳುತ್ತಿದ್ದರು! ಸೇಡಂ ಸ್ಟೇಷನ್ನಿನಲ್ಲಿ ಬೆಳಗಿನ ಗಾಡಿ ಹತ್ತಿದವರು ಅಲ್ಲಿ ಇಳಿದು ನೆಟ್ಟಗೆ ಹೋಗುತ್ತಿದ್ದದ್ದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ. ನಮ್ಮ ಓಣಿಯವರ ಬಾಯಲ್ಲಿ ಅದು ಕುತುಬ್‌ಖಾನಾ. ಹರೆಯದಲ್ಲಿ ಅವರು ಅಲ್ಲಿ ಎರಡು ವರ್ಷ ಇದ್ದು, ಉರ್ದುವಿನಲ್ಲಿ ರಸಾಯನಶಾಸ್ತ್ರವನ್ನು ಅರ್ಧಂಬರ್ಧ ಕಲಿತಿದ್ದರು. ಅಷ್ಟರಲ್ಲಿ ಅಜ್ಜ ತೀರಿಕೊಂಡರು, ಕಾಕಾ ಓದು ಬಿಟ್ಟು ಅಂಗಡಿಗೆ ಬಂದರು. ಡಿಗ್ರಿ ಕೈಗೆ ಸಿಗಲಿಲ್ಲ. ಹಳೆಯ ಮಾಸ್ತರರೊಬ್ಬರ ಜಾಮೀನಿನ ಮೇಲೆ ಓದುಗರ ಕಾರ್ಡೊಂದು ಮಾತ್ರ ಉಳಿಯಿತು. ಇವನು ಕೊರಳಿನ ಲಿಂಗವನ್ನಾದರೂ ಎಲ್ಲೋ ಮರೆತಾನು, ಆ ಕಾರ್ಡು ಮರೆಯುವುದಿಲ್ಲ ಎಂದು ಅಪ್ಪ ಬೈಯುತ್ತಿದ್ದರು.

ಅಪ್ಪನ ಸಿಟ್ಟಿಗೆ ಕಾರಣವಿತ್ತು. ನಮ್ಮದು ತೊಗರಿಯ ಅಡತಿ ಅಂಗಡಿ, ರೈತರ ಮಾಲನ್ನು ಕಮಿಷನ್ನಿಗೆ ಮಾರಿಕೊಡುವ ದಂಧೆ. ತಮ್ಮನನ್ನು ಅಪ್ಪ ಕಳಿಸುತ್ತಿದ್ದದ್ದು ಹೈದರಾಬಾದಿನ ಪೇಟೆಯಲ್ಲಿ ತೊಗರಿಯ ಭಾವ ಏನು ನಡೆದಿದೆ ಎಂದು ತಿಳಿದು ಬರಲಿಕ್ಕೆ. ಸಂಜೆ ಕಾಕಾ ಬಂದು ಕಟ್ಟೆಯ ಮೇಲೆ ಕುಳಿತ ಕೂಡಲೇ ಅಪ್ಪ ಕೇಳುತ್ತಿದ್ದರು, “ತೊಗರಿ ಹೆಂಗ ನಡದದೋ?”

“ಓದೂ ಖೋಲಿಗಿ ಸುಣ್ಣ ಹಚ್ಚಲಿಕತ್ತಾರ ಅಣ್ಣಾ. ಸೋಮವಾರ ಬಂದ್ ಇರ್ತದಂತ.”

ಇದು ವ್ಯಾಪಾರದ ಮನೆಯೇ? ಎಷ್ಟೋ ಸಲ ಅಪ್ಪ ನಮ್ಮ ಹಮಾಲನನ್ನು ಸ್ಟೇಷನ್ನಿಗೆ ಓಡಿಸಿ, ಅದೇ ಗಾಡಿಯಲ್ಲಿ ಇಳಿದ ಬೇರೆ ವ್ಯಾಪಾರಿಗಳಿಂದ ಭಾವ ಕೇಳಿ ತರಿಸಿದ್ದುಂಟು. ಕಾಕಾ ಮಾತ್ರ ಯಾವ ಅಲಮಾರಿಗೆ ಗೆದ್ದಲು ಬಿತ್ತು, ಯಾವ ಪುಸ್ತಕ ರಟ್ಟು ಕಟ್ಟಿಸಲು ಹೋಯಿತು, ನೋಟಿಸ್ ಬೋರ್ಡಿನ ಮೇಲೆ ಹೊಸದಾಗಿ ಏನು ಅಂಟಿಸಿದರು ಎಂಬುದನ್ನೆಲ್ಲ ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದರು. ಒಮ್ಮೆ ಅಲ್ಲಿ ನಕ್ಷತ್ರಗಳ ಬಗ್ಗೆ ದೊಡ್ಡ ಭಾಷಣವಾಯಿತು. ಯಾವ ಬಣ್ಣದ ಮೇಜುಬಟ್ಟೆ ಹಾಕಿದ್ದರು, ಅಧ್ಯಕ್ಷರು ಎಷ್ಟು ಹೊತ್ತು ತೂಕಡಿಸಿದರು, ಹಿಂದಿನ ಸಾಲಿನವರು ಯಾಕೆ ಎದ್ದುಹೋದರು, ಎಲ್ಲ ವರ್ಣಿಸಿದರು. ಭಾಷಣ ಮಾಡಿದವರು ನಕ್ಷತ್ರದ ಬಗ್ಗೆ ಏನು ಹೇಳಿದರು ಎಂದು ಕೇಳಿದರೆ, ಪಂಖಾದ ಸಪ್ಪಳದಲ್ಲಿ ಅದೊಂದು ಕೇಳಿಸಲಿಲ್ಲವಂತೆ!

ಕುತುಬ್‌ಖಾನೆಯ ರೀತಿರಿವಾಜು ಅವರ ಮೈಯಲ್ಲೇ ಇಳಿದುಬಿಟ್ಟಿತ್ತು. ಮನೆಯಲ್ಲಿ ನಾಲ್ಕು ಜನ ಕೂಡಿ ಮಾತಾಡಿದರೆ ತುಟಿಯ ಮೇಲೆ ಬೆರಳಿಡುತ್ತಿದ್ದರು. ಕುರಕುಂಟಾದಲ್ಲಿ ಅಪ್ಪನ ಸೋದರತ್ತೆ ಸತ್ತಾಗ ನಾವೆಲ್ಲ ಗಾಡಿ ಕಟ್ಟಿಕೊಂಡು ಹೋದೆವು. ಶವದ ಸುತ್ತ ಹೆಂಗಸರು ಎದೆ ಬಡಿದುಕೊಂಡು ಅಳುತ್ತಿದ್ದರು. ಕಾಕಾ ಒಳಗೆ ಬಂದವರೇ ಬಗ್ಗಿ, ಸ್ವಲ್ಪ ಸಣ್ಣ ದನಿಯಲ್ಲಿ ಅಳಬೇಕು, ಉಳಿದವರಿಗೆ ತ್ರಾಸಾಗುತ್ತದೆ ಎಂದು ಭಾಳ ನಯದಿಂದ ಕೇಳಿಕೊಂಡರು. ಎಲ್ಲರೂ ಗಪ್ಪಾದರು! ಆ ನಿಶ್ಶಬ್ದದಲ್ಲಿ ಯಾರೋ ಒಬ್ಬಳು ಕಿಸಕ್ಕನೆ ನಕ್ಕುಬಿಟ್ಟಳು. ಅಂದಿನಿಂದ ಆ ಮನೆಯವರು ಸಾವಿನ ಸುದ್ದಿ ಬಂದರೆ ಅಪ್ಪನಿಗೆ ಮಾತ್ರ ಗುಟ್ಟಾಗಿ ತಿಳಿಸುತ್ತಿದ್ದರು.

ಆದರೆ ಸೈನ್ಯ ಬಂದು ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ನಿನ ವರ್ಷ ನಡೆದದ್ದನ್ನು ನೆನೆದರೆ ನನಗೆ ಈಗಲೂ ನಗು ಬರುವುದಿಲ್ಲ. ಗಾಡಿಗಳು ನಿಂತು ಮತ್ತೆ ಹೊರಟಾಗ, ಬೇಡವೆಂದರೂ ಕೇಳದೆ ಕಾಕಾ ಮೊದಲ ಗಾಡಿಗೇ ಹೋದರು. ತಿರುಗಿ ಬಂದ ಸಂಜೆ ಓಣಿಗೆ ಓಣಿಯೇ ನಮ್ಮ ಕಟ್ಟೆಯ ಮುಂದೆ ನೆರೆದಿತ್ತು. ಹೈದರಾಬಾದಿಗೆ ಹೋದ ಒಬ್ಬರ ಅಳಿಯ ಬಂದಿರಲಿಲ್ಲ, ಒಬ್ಬರ ತಮ್ಮ ಬಂದಿರಲಿಲ್ಲ. ಎದುರು ಮನೆಯ ದರ್ಜಿ ಚಾಚಾ ಹೆಂಡತಿ ಮಕ್ಕಳನ್ನು ಕರೆದುಕೊಂಡು ಅತ್ತ ಹೋದವರ ಸುಳಿವೇ ಇರಲಿಲ್ಲ, ಮನೆಯಲ್ಲಿ ಅವರ ಮುದುಕಿ ತಾಯಿ ಒಬ್ಬಳೇ ಉಳಿದಿದ್ದಳು. ಶಹರದಲ್ಲಿ ಏನಾಗಿದೆ ಎಂದು ಎಲ್ಲರೂ ಉಸಿರು ಹಿಡಿದು ಕೇಳಿದರೆ ಕಾಕಾ, “ಕುತುಬ್‌ಖಾನಾ ತೆರದದ. ಒಂದು ಗಾಜೂ ಒಡದಿಲ್ಲ” ಎಂದರು.

ಜನ ಬೈದುಕೊಳ್ಳುತ್ತ ಚದುರಿಹೋದರು. ಮುದುಕಿ ಮಾತ್ರ ಹತ್ತಿರ ಬಂದು ಕಾಕಾನ ಕೈ ಹಿಡಿದಳು. ಅಲ್ಲಿ ಗಾಜೇ ಒಡೆದಿಲ್ಲವೆಂದ ಮೇಲೆ ತನ್ನ ಮಗನೂ ನೆಟ್ಟಗಿರಬೇಕು ಎಂದಳು. ಆ ಮಗ ಬರಲೇ ಇಲ್ಲ. ಚಳಿಗಾಲ ಮುಗಿಯುವುದರೊಳಗೆ ಆ ಮನೆಗೂ ಬೀಗ ಬಿತ್ತು.

ಕುತುಬ್‌ಖಾನೆಯ ಇಷ್ಟೆಲ್ಲ ಸುದ್ದಿ, ಖಬರು ಯಾರಿಗೆ ಬೇಕಾಗಿತ್ತು ಎನ್ನುತ್ತೀರಾ? ನಮ್ಮ ಕಾಕಿಗೆ ಬೇಕಾಗಿತ್ತು. ಮದುವೆಯಾದ ಮರುವರ್ಷ ಸಿಡುಬು ಬಂದು ಕಾಕಿಯ ಎರಡೂ ಕಣ್ಣು ಹೋಗಿದ್ದವು. ಮಕ್ಕಳಾಗಲಿಲ್ಲ. ಹಿತ್ತಲು, ಪಡಸಾಲೆ, ತೊಗರಿ ಹಸನು ಮಾಡುವ ಮೊರ, ಅವಳ ಜಗತ್ತು ಅಷ್ಟೇ. ಕಾಕಾ ಬರುವ ಸಂಜೆ ಮಾತ್ರ ಮುಖ ತೊಳೆದು, ಮಡಿಚಿಟ್ಟ ಸೀರೆ ಉಟ್ಟು, ಕಂಬಕ್ಕೆ ಒರಗಿ ಕುಳಿತಿರುತ್ತಿದ್ದಳು. ಅವರು ಹೇಳುತ್ತಿದ್ದದ್ದೆಲ್ಲ ಅವಳಿಗಾಗಿ. ಕುತುಬ್‌ಖಾನೆಯ ಮೆಟ್ಟಿಲು ಎಲ್ಲಿ ಸವೆದಿದೆ, ಒಂದೇ ಪತ್ರಿಕೆಗೆ ದಿನಾ ಜಗಳಾಡುವ ಇಬ್ಬರು ಮುದುಕರಲ್ಲಿ ಯಾರು ಕೆಮ್ಮುತ್ತಾರೆ, ಎಲ್ಲ ಅವಳಿಗೆ ಗೊತ್ತಿತ್ತು. ಡಾಕ್ಟರಿಕೆ ಪರೀಕ್ಷೆಗೆ ಓದುತ್ತಿದ್ದ ಹುಡುಗಿಯೊಬ್ಬಳು ಫೇಲಾದಳೆಂದು ಕೇಳಿದ ದಿನ ಕಾಕಿ ಊಟ ಬಿಟ್ಟಳು. ಆ ಹುಡುಗಿಯ ಹೆಸರು ಕಾಕಾನಿಗೂ ಗೊತ್ತಿರಲಿಲ್ಲ! ಹೆಂಡತಿಯನ್ನು ಒಮ್ಮೆ ಕರೆದುಕೊಂಡು ಹೋಗಬಾರದೇ ಎಂದು ಅವ್ವ ಕೇಳಿದ್ದಳು. ಕಾರ್ಡು ಒಬ್ಬರಿಗೇ ಎಂದು ಕಾಕಾ ಹೇಳಿದರು. ಅವರ ಮುಖ ಸಣ್ಣದಾದದ್ದನ್ನು ನಾನು ನೋಡಿದೆ. ಆ ಕಾರ್ಡಿನಿಂದಲೇ ಕಾಕಿಗೆ ಹದಿನೈದು ದಿನಕ್ಕೊಮ್ಮೆಯಾದರೂ ಬೆಳಗಾಗುತ್ತಿದೆ ಎಂದು ನನಗೆ ಗೊತ್ತಾದದ್ದು ಆಗಲೇ.

ಆಮೇಲೆ ನನ್ನ ಮದುವೆಯಾಗಿ ನಾನು ಚಿಂಚೋಳಿಗೆ ಹೋದೆ. ರಾಜ್ಯಗಳನ್ನು ಭಾಷೆಯ ಮೇಲೆ ಒಡೆಯುವ ಮಾತು ಎಲ್ಲೆಲ್ಲೂ ನಡೆದಿತ್ತು. ನಾವು ಕನ್ನಡದವರ ಜೊತೆ ಕೂಡಿದೆವು ಎಂದು ಸೇಡಮ್ಮಿನಲ್ಲಿ ಸಕ್ಕರೆ ಹಂಚಿದರು, ಅಪ್ಪ ಹೊಸ ರುಮಾಲು ಸುತ್ತಿಕೊಂಡು ತಿರುಗಾಡಿದರು. ಕಾಕಾ ಕೇಳಿದ್ದು ಒಂದೇ ಪ್ರಶ್ನೆಯಂತೆ, ಕುತುಬ್‌ಖಾನಾ ಯಾವ ಕಡೆಗೆ ಬಿತ್ತು? ಹೈದರಾಬಾದಿನ ಹಾದಿಯಲ್ಲಿ ತಾಂಡೂರಿನಿಂದ ಆಚೆಗಿನದೆಲ್ಲ ಈಗ ಬೇರೆ ರಾಜ್ಯ ಎಂದು ಯಾರೋ ಹೇಳಿದರು. ಮುಂದಿನ ಸಲ ಹೋದಾಗ ಅಲ್ಲಿನ ಗುಮಾಸ್ತರು ಕಾಕಾನನ್ನು ಕೂಡಿಸಿ ಚಹಾ ಕೊಟ್ಟು, ಕಾರ್ಡು ರಾಜ್ಯದೊಳಗಿನವರಿಗೆ ಮಾತ್ರ ಎಂದು ಮೆಲ್ಲಗೆ ತಿಳಿಸಿ ತೆಗೆದಿಟ್ಟುಕೊಂಡರು. ಅವರದೇನು ತಪ್ಪು? ಕಾರ್ಡಿಲ್ಲದವರನ್ನು ಬಾಗಿಲಲ್ಲಿ ಬಿಡುವಂತಿರಲಿಲ್ಲ.

ಅಂದು ಸಂಜೆ ಕಾಕಾ ಕಟ್ಟೆಯ ಮೇಲೆ ಕುಳಿತು, ಅಪ್ಪ ಕೇಳುವ ಮೊದಲೇ ತೊಗರಿಯ ಭಾವವನ್ನು ಸರಿಯಾಗಿ ಹೇಳಿದರಂತೆ. ಅಪ್ಪ ಹೆದರಿಬಿಟ್ಟರು! ಒಳಗೆ ಓಡಿಬಂದು, ತಮ್ಮನಿಗೆ ಏನೋ ಆಗಿದೆ, ಯಾರಾದರೂ ನೋಡಿರಿ ಎಂದರಂತೆ. ಮಡಿಚಿಟ್ಟ ಸೀರೆಯುಟ್ಟು ಕಾಯುತ್ತಿದ್ದ ಕಾಕಿಗೆ, ಇವತ್ತು ಏನೂ ಖಬರಿಲ್ಲ ಎಂದಷ್ಟೇ ಹೇಳಿ ಕಾಕಾ ಗೋಡೆಯ ಕಡೆಗೆ ತಿರುಗಿ ಮಲಗಿದರು. ಕಾರ್ಡು ಹೋದದ್ದನ್ನು ಮರುದಿನ ಅಪ್ಪನಿಗೆ ಹೇಳಿದವರು ಆಮೇಲೆ ಮಾತೇ ಬಿಟ್ಟರು. ಗುಲ್ಬರ್ಗದಲ್ಲೂ ಪುಸ್ತಕಗಳಿವೆ, ಅಲ್ಲಿಗೆ ಹೋಗು ಎಂದು ಅಪ್ಪ ದುಡ್ಡು ಮುಂದಿಟ್ಟರೆ ಮುಟ್ಟಲಿಲ್ಲ.

ಸಂಕ್ರಾಂತಿಗೆ ನಾನು ತವರಿಗೆ ಬಂದಾಗ ಮನೆಯಲ್ಲಿ ಕುತುಬ್‌ಖಾನೆಯಲ್ಲಿರುವಷ್ಟು ನಿಶ್ಶಬ್ದವಿತ್ತು. ಕಾಕಾ ಬಯಸಿದ್ದು ಅದನ್ನೇ ಅಲ್ಲವೇ ಎಂದು ನಗೆಯಾಡಲು ಬಾಯಿ ತೆರೆದು, ಅವರನ್ನು ನೋಡಿ ಮುಚ್ಚಿಕೊಂಡೆ. ಸಂಜೆ ಕಾಕಿ ಮುಖ ತೊಳೆದು, ಸೀರೆ ಬದಲಿಸಿ, ಕಂಬಕ್ಕೆ ಒರಗಿ ಕುಳಿತಳು. ಲೆಕ್ಕದ ಪ್ರಕಾರ ಅಂದು ಖಬರಿನ ದಿನ. ಇವಳಿಗಿದೇನು ಹುಚ್ಚು ಎಂದುಕೊಂಡೆ.

“ಕೇಳ್ಲಿಕತ್ತೀರೇನ್ರಿ?” ಎಂದಳು ಕಾಕಿ, ಗೋಡೆಯ ಕಡೆ ಮುಖ ಮಾಡಿದ್ದ ಗಂಡನಿಗೆ. “ಕುತುಬ್‌ಖಾನಾಕ್ಕ ಹೊಸದಾಗಿ ಒಬ್ಬಾಕಿ ಸೇರ್ಯಾಳಂತ. ಆಕಿಗಿ ಕಣ್ಣು ಕಾಣಂಗಿಲ್ಲಂತ.”

ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಕಣ್ಣಿಲ್ಲದವಳು ಅಲ್ಲಿ ಏನು ಮಾಡುತ್ತಾಳೆ ಎಂದು ಕಾಕಾ ಗೋಡೆಯನ್ನೇ ಕೇಳಿದರು. ಸುಮ್ಮನೆ ಕೂಡುತ್ತಾಳಂತೆ, ಮಂದಿ ಹಾಳೆ ತಿರುವುವ ಸಪ್ಪಳ ಕೇಳುತ್ತಾಳಂತೆ ಎಂದಳು ಕಾಕಿ.

“ಎಲ್ಲಿ ಕುಂದ್ರಿಸ್ಯಾರ ಆಕಿಗಿ?”

“ಕಿಟಕಿ ಬಾಜೂಕ.”

ಕಾಕಾ ಎದ್ದು ಕುಳಿತು ಇತ್ತ ತಿರುಗಿದರು. “ಅಲ್ಲಿ ಬ್ಯಾಡ. ಮಧ್ಯಾಹ್ನ ಬಿಸಲು ಬಡೀತದ. ಮೂಲ್ಯಾಗಿನ ಕುರ್ಚಿ ನಂದು, ಈಗ ಖಾಲಿನೇ ಅದ. ಅದರ ಮ್ಯಾಲ ಕುಂದ್ರಸ್ರಿ ಅಂತ ಹೇಳು.”

ಹೇಳುತ್ತೇನೆ ಎಂದಳು ಕಾಕಿ.