ದಯವಿಟ್ಟು ಯಾರೂ ನೋಡಲು ಬರಬೇಡಿ

ನಮ್ಮ ಬಂಧುಗಳು ಹೇಳಿದ ಮಾತು ಕೇಳುವವರೆಂದು ಅರವತ್ತೊಂಬತ್ತು ವರ್ಷ ನಂಬಿಕೊಂಡು ಬಂದವನು ನಾನು.

ಹೆಂಡತಿ ಗಿರಿಜಾಳ ರಕ್ತಪರೀಕ್ಷೆಯಲ್ಲಿ ಒಂದು ಬಗೆಯ ಬಿಳಿ ರಕ್ತಕಣ ಹೆಚ್ಚಾಗಿರುವುದು ಕಂಡುಬಂತು. "ಇದು ಕ್ಯಾನ್ಸರ್ ಅಲ್ಲ. ಮುಂದೆ ಆಗ್ಬಹುದು, ಆದ್ರೆ ಹೆಚ್ಚಿನವ್ರಿಗೆ ಆಗಲ್ಲ. ಆಗಾಗ ಟೆಸ್ಟ್ ಮಾಡಿಸ್ತಾ ಇರಿ. ಸೋಂಕು ಮಾತ್ರ ಬೇಗ ತಗಲುತ್ತೆ, ಹುಷಾರು" ಎಂದರು ಡಾಕ್ಟರು. ಗಿರಿಜಾ ಯಾವ ಯಾವ ಲಸಿಕೆ ಬೇಕೆಂದು ಕೇಳಿ ಬರೆದುಕೊಂಡಳು. ನಾನು ಗಂಡನ ಕರ್ತವ್ಯವನ್ನು ಕೈಗೆತ್ತಿಕೊಂಡೆ.

ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಪ್ರಕಟಣೆ ಹೊರಡಿಸಿದೆ: "ಗಿರಿಜಾಳ ರೋಗನಿರೋಧಕ ಶಕ್ತಿ ಕಡಿಮೆಯಾಗಿರುವ ಪ್ರಯುಕ್ತ ದಯವಿಟ್ಟು ಯಾರೂ ನೋಡಲು ಬರಬಾರದಾಗಿ ವಿನಂತಿ."

ಸಂಜೆಯೊಳಗೆ ಹನ್ನೊಂದು ಜನ ಬಂದರು!

ಬರಬೇಡಿ ಎಂದರೆ ಕಾಯಿಲೆ ಅಷ್ಟು ಜೋರಾಗಿದೆ ಎಂದೇ ಲೆಕ್ಕವಂತೆ. ಸುಬ್ರಹ್ಮಣ್ಯಪುರದಿಂದ ಬಂದ ಗಿರಿಜಾಳ ತಮ್ಮ ಷಡಕ್ಷರಿ ಗೇಟಿನಲ್ಲೇ ಕೆಮ್ಮುತ್ತಾ, "ನಂಗೇ ಮೂರು ದಿನದಿಂದ ಜ್ವರ ಭಾವ. ಆದ್ರೂ ಅಕ್ಕನ್ನ ನೋಡ್ದೆ ಇರಕ್ಕಾಗುತ್ತಾ?" ಎಂದ.

ಗೇಟಿಗೆ ಬೀಗ ಜಡಿದೆ. ಅವರು ಬೀದಿಯಲ್ಲೇ ಗೋಳಾಡತೊಡಗಿದರು. ಸಾರಕ್ಕಿ ಮಾರ್ಕೆಟ್ಟಿನಿಂದ ಬರುತ್ತಿದ್ದ ಎದುರುಮನೆಯ ಸವಿತಾ ಸೊಪ್ಪಿನ ಚೀಲ ಕೆಳಗಿಟ್ಟು, "ಎಷ್ಟೊತ್ತಿಗೆ ಹೋಗ್ಬಿಟ್ರು ಅಂಕಲ್?" ಎಂದು ಅತ್ತಳು.

ಆಗ ಗಿರಿಜಾ ಮಾಸ್ಕ್ ಹಾಕಿಕೊಂಡು ಬಾಲ್ಕನಿಗೆ ಬಂದಳು.

"ಇನ್ನೂ ಇದೀನಿ ಕಣೆ ಸವಿತಾ! ಷಡಕ್ಷರಿ, ಮನೆಗೆ ಹೋಗಿ ಗಂಜಿ ಕುಡ್ದು ಮಲ್ಕೋ. ಮಿಕ್ಕೋರು ಹೇಳಿ, ಫ್ಲೂ ಇಂಜೆಕ್ಷನ್ ಯಾರ್ಯಾರು ತಗೊಂಡಿದೀರ?"

ಒಂದು ಕೈಯೂ ಮೇಲೇಳಲಿಲ್ಲ.

"ಎಲ್ಲಾ ಅರವತ್ತು ದಾಟಿದೋರೇ! ನಿಮ್ಮ ಡಾಕ್ಟರನ್ನ ಕೇಳಿ ಹಾಕಿಸ್ಕೊಳ್ಳಿ. ಆಮೇಲೆ ಎರಡು ವಾರ ಬಿಟ್ಟು ಬನ್ನಿ, ಹೋಳಿಗೆ ಮಾಡ್ತೀನಿ."

ಗೋಳು ನಿಂತಿತು. ತನ್ನ ರಕ್ತದ ಸುದ್ದಿಗೆ ಒಂದು ಹನಿ ಕಣ್ಣೀರು ಹಾಕದವಳು ಊರಿನವರ ಆರೋಗ್ಯ ವಿಚಾರಿಸುತ್ತಿದ್ದಳು. ನನಗೆ ನಿಜಕ್ಕೂ ಹೆಮ್ಮೆಯಾಯಿತು. ಅವಳಿಗೇನಾದರೂ ಆದರೆ ಎಂಬ ಭಯವೂ ಇತ್ತು, ಅದನ್ನು ಅವಳಿಗೆ ಹೇಳಲಿಲ್ಲ.

ಮುಂದಿನ ತಿಂಗಳು ಹನ್ನೊಂದು ಜನವೂ ಚುಚ್ಚಿಸಿಕೊಂಡು ಬಂದರು, ಗುಣವಾಗಿದ್ದ ಷಡಕ್ಷರಿಯೂ ಸೇರಿ. ಎಲೆ ಹಾಕಿದರು. ನಾನೂ ಕುಳಿತೆ. ಕುಳಿತವನು ಸೀನಿದೆ!

ಗಿರಿಜಾಳ ಕೈಯಲ್ಲಿ ತುಪ್ಪದ ಮಿಳ್ಳೆ ಹಾಗೇ ನಿಂತಿತು. "ರೀ, ನೀವ್ ಯಾವತ್ತು ಹಾಕಿಸ್ಕೊಂಡ್ರಿ?"

ಸೂಜಿ ಕಂಡರೆ ನನಗೆ ಮೊದಲಿನಿಂದಲೂ ಆಗದು.

ಹೀಗಾಗಿ ಸದ್ಯ ಗೇಟಿನ ಪಕ್ಕದ ಕುರ್ಚಿಯಲ್ಲಿದ್ದೇನೆ. ಷಡಕ್ಷರಿ ಹೋಳಿಗೆಯನ್ನು ಮೆಟ್ಟಿಲ ಮೇಲಿಟ್ಟು, "ಅಲ್ಲೇ ಇರಿ ಭಾವ, ಅಕ್ಕನ ಆರ್ಡರ್" ಎಂದು ಒಳಗೆ ಓಡಿದ. ಆಮೇಲೆ ನನ್ನನ್ನು ನೋಡಲು ಒಬ್ಬರೂ ಬಂದಿಲ್ಲ. ಬರಬೇಡಿ ಎಂದು ನಾನೇನೂ ಪ್ರಕಟಣೆ ಹೊರಡಿಸಿರಲಿಲ್ಲ!