ಕರಗಿದ ಸಂಡಿಗೆ ಕುರಿತು ಋತುದರ್ಪಣ ಜಾಲತಾಣಕ್ಕೆ

ಮಾನ್ಯರೇ,

ದಕ್ಷಿಣದ ರಾಜ್ಯಗಳಿಗೆಲ್ಲ ಮಳೆ ಬಿಸಿಲಿನ ಸುದ್ದಿ ಕೊಡುವ ಋತುದರ್ಪಣ ಎಂಬ ಸರ್ಕಾರಿ ಜಾಲತಾಣವನ್ನು ತಿರುವನಂತಪುರದಲ್ಲಿ ಕುಳಿತು ನಡೆಸುತ್ತಿರುವ ತಮಗೆ ಕೊಚ್ಚಿಯ ಕಲೂರಿನಿಂದ ಸಾಷ್ಟಾಂಗ ನಮಸ್ಕಾರಗಳು. ತಮ್ಮನ್ನು ನಂಬಿ ಒಣಹಾಕಿದ ಎರಡು ಸೀರೆ ತುಂಬ ಅರಳು ಸಂಡಿಗೆ ಮಳೆಗೆ ಕರಗಿಹೋಯಿತು.

ಸಂಡಿಗೆ ನನ್ನದಲ್ಲ, ಬ್ಯಾಂಕಿನ ವರ್ಗಾವಣೆಯಲ್ಲಿ ಮೈಸೂರಿನಿಂದ ಬಂದ ಎದುರುಮನೆಯ ಕಮಲ ಆಂಟಿಯದು. ಅವರ ಮಗಳು ಕೃಪಾ ತಮ್ಮ ತಿರುವನಂತಪುರದ ಶ್ರೀಕಾರ್ಯಂನಲ್ಲೇ ಇದ್ದಾಳೆ, ಏಳು ತಿಂಗಳ ಬಸುರಿ. ಬಾಯಿಗೆ ಏನೂ ಸೇರದೆ ಅಮ್ಮನ ಸಂಡಿಗೆಯೊಂದನ್ನೇ ಬಯಸಿದ್ದಳು. ಮಳೆ ಯಾವಾಗ ಹಿಡಿಯುತ್ತೆ ನೋಡಮ್ಮ ಮಹತಿ ಎಂದರು ಆಂಟಿ. ಕೆಳಮನೆಯ ಮಲಯಾಳಿ ಅಕ್ಕ ನಿರ್ಮಲ ಚೇಚಿ ಆಕಾಶ ನೋಡಿ, ನಾಳೆಯೇ ಬರುತ್ತೆ ಮೋಳೇ ಎಂದುಬಿಟ್ಟರು. ಹವಾಮಾನದ ಮಾಹಿತಿ ಜನರ ಹಕ್ಕು ಎಂಬ ಎಂಟು ಪುಟದ ಕರಪತ್ರವನ್ನು ಮೂರು ಸಲ ಓದಿ ವಿದುಷಿಯಾಗಿದ್ದ ನಾನು, ಚೇಚಿಯನ್ನು ಮೆಟ್ಟಿಲ ಮೇಲೆಯೇ ನಿಲ್ಲಿಸಿ ವೈಜ್ಞಾನಿಕ ಮನೋಭಾವದ ಬಗ್ಗೆ ಇಪ್ಪತ್ತು ನಿಮಿಷ ಉಪದೇಶ ಮಾಡಿ, ತಮ್ಮ ತಾಣಕ್ಕೆ ಶರಣಾದೆ.

ಆ ತಾಣದ ಸೊಬಗನ್ನು ಏನೆಂದು ಹೊಗಳಲಿ! ಉದ್ಘಾಟನೆಯ ನಲವತ್ತು ಚಿತ್ರಗಳನ್ನು ದಾಟಿ ‘ಮಳೆಗಾಲ’ ಒತ್ತಿದರೆ ಕುರ್ಚಿ ಖರೀದಿಯ ಟೆಂಡರು ತೆರೆಯಿತು. ನಾನು ಯಂತ್ರವಲ್ಲವೆಂದು ತೋರಿಸಲು ಟ್ರಾಫಿಕ್ ದೀಪಗಳನ್ನು ಆರು ಸಲ ಗುರುತಿಸಿದೆ. ಆರನೆಯ ಸಲಕ್ಕೆ ನನಗೇ ಅನುಮಾನ ಬಂತು. ಕೊನೆಗೆ ತಾವು ನನ್ನ ರಾಜ್ಯ ಯಾವುದೆಂದು ಕೇಳಿದಿರಿ. ಹನ್ನೊಂದು ವರ್ಷದಿಂದ ಕೇರಳದಲ್ಲೇ ಉಂಡು ಮಲಗಿದರೂ ಯಾವ ಅರ್ಜಿಯಲ್ಲೂ ಕರ್ನಾಟಕವೆಂದೇ ತುಂಬುವ ಸ್ವಾಭಿಮಾನಿ ನಾನು. ಎದೆಯುಬ್ಬಿಸಿ ಕರ್ನಾಟಕವನ್ನೇ ಒತ್ತಿದೆ. ಇನ್ನೂ ಏಳು ದಿನ ಬಿಸಿಲು ಎಂದಿರಿ. ಅಲ್ಲಿ ಬಿಸಿಲೇ ಇದ್ದಿರಬೇಕು. ಇಲ್ಲಿನ ತಾರಸಿಯ ಮೇಲೆ ಮಾರನೆಯ ದಿನ ಹನ್ನೊಂದಕ್ಕೇ ಮಳೆ ಸುರಿಯಿತು.

ತಪ್ಪು ನನ್ನದೆಂದು ದಯವಿಟ್ಟು ಹೇಳಬೇಡಿ. ನಿನ್ನ ಕ್ರಾಂತಿಗೆ ನನ್ನ ಸಂಡಿಗೆಯೇ ಬೇಕಿತ್ತೇನೇ ಎಂದು ಆಂಟಿ ಆಗಲೇ ಹೇಳಿಯಾಗಿದೆ. ಆದ್ದರಿಂದ ತಾವು ಅರ್ಜಿಯಲ್ಲಿ ‘ಅಭಿಮಾನದ ರಾಜ್ಯ’, ‘ನೆನೆಯುತ್ತಿರುವ ರಾಜ್ಯ’ ಎಂದು ಎರಡು ಕಲಂ ಇಡಬೇಕಾಗಿಯೂ, ಮೂರು ದಿನದ ಬಿಸಿಲನ್ನು ಡೌನ್‌ಲೋಡ್ ಮಾಡಿಕೊಳ್ಳಲು ಅವಕಾಶ ಕೊಡಬೇಕಾಗಿಯೂ ವಿನಂತಿ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಮಹತಿ

ಮರೆತ ಮಾತು: ಹೊಸ ಸಂಡಿಗೆಯನ್ನು ನಾನೇ ಇಟ್ಟು, ಫ್ಯಾನಿನ ಕೆಳಗೆ ಒಣಗಿಸಿ, ಕೃಪಾಳಿಗೆ ನಾನೇ ಮುಟ್ಟಿಸಬೇಕೆಂದು ಆಂಟಿಯ ತೀರ್ಪು. ಅದಕ್ಕಾಗಿ ಹಿಡಿಯುವ ರೈಲಿನಲ್ಲೇ, ಕರಗಿ ಮುದ್ದೆಯಾಗಿ ಬೂಷ್ಟು ಹಿಡಿದ ಹಳೆಯ ಸಂಡಿಗೆಯ ಪೊಟ್ಟಣವೊಂದನ್ನು ತಮಗಾಗಿಯೂ ತರುತ್ತಿದ್ದೇನೆ. ಬರುವ ಸೋಮವಾರ ಬೆಳಿಗ್ಗೆ ಹತ್ತೂವರೆಗೆ, ತಮ್ಮ ಕೋಣೆಯ ಬಾಗಿಲಲ್ಲಿ.